ತೆಂಗಿನ ತೋಟ ಮರಳಿ ಕಾಡಾದ ಬಗೆ: ಕಸಿನ್ ದ್ವೀಪದಲ್ಲಿ ಕಂಡದ್ದು

(ಬಳಗದ ಸಭೆಯಲ್ಲಿ ಊರವರು ಹಾಗೂ ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ಸಂಘಟಕರು ನನಗೆ ಸೂಚಿಸಿದ ವಿಷಯ ‘ಒಂದು ಪ್ರವಾಸಾನುಭವ’ ಎಂಬುದು. ಕೃಷಿ ವಿಜ್ಞಾನವನ್ನೇ ವೃತ್ತಿಯಾಗಿಸಿಕೊಂಡವರು ಪ್ರವಾಸದ ಕುರಿತು ಮಾತನಾಡತೊಡಗಿದರೂ ಮಾತು ಕೊನೆಗೆ ಮಣ್ಣು, ಗೊಬ್ಬರಗಳತ್ತಲೇ ಹೊರಳುವುದು ನಿಮಗೆ ತಿಳಿಯದ್ದೇನಲ್ಲ. ಇಂದೂ ಹಾಗೆಯೇ ಆದೀತು. ವೃತ್ತಿಸಂಬಂಧವಾದ ಕೆಲಸವೊಂದರ ನಿಮಿತ್ತ ಎರಡು ವರ್ಷಗಳ ಹಿಂದೆ, ನವೆಂಬರ್ ತಿಂಗಳಿನಲ್ಲಿ, ಹಿಂದೂ ಮಹಾಸಾಗರದ ಸೇಶೆಲ್ಸ್ ದೇಶಕ್ಕೆ ಹೋಗುವ ಅವಕಾಶ ಒದಗಿತ್ತು. ಕೆಲಸ ಮುಗಿದ ಮೇಲೆ ಉಳಿದ ಕೆಲವು ದಿನಗಳಲ್ಲಿ ಒಂದು ಬೆಳಗನ್ನು ಕಸಿನ್ ಎಂಬ ಪುಟ್ಟ ದ್ವೀಪದಲ್ಲಿ ಕಳೆದೆ. ಅದರ ವಿಸ್ತೀರ್ಣ ಸುಮಾರು 27 ಹೆಕ್ಟೇರು, ನಮ್ಮ ಲೆಕ್ಕದಲ್ಲಿ ಅರವತ್ತೇಳು ಎಕರೆ. ಘಟ್ಟದ ಮೇಲಿನ ಒಂದು ದೊಡ್ಡ ಕಾಫಿ ತೋಟ ಇದಕ್ಕಿಂತ ವಿಶಾಲವಾಗಿರುತ್ತದೆ. ಆದರೂ ಈ ಅರವತ್ತೇಳು ಎಕರೆಯ ಬಗ್ಗೆ ನಿಮ್ಮಲ್ಲಿ ಹೇಳಬೇಕಾದದ್ದು ಬಹಳಷ್ಟಿದೆ ಎಂದು ನನಗೆ ಅನ್ನಿಸಿದೆ.

ಮೊದಲು ಆ ದೇಶ ಎಲ್ಲಿದೆಯೆಂಬುದನ್ನು ಸ್ಪಷ್ಟಪಡಿಸುತ್ತೇನೆ. ಭೂಮಧ್ಯರೇಖೆಯಿಂದ ತುಸು ದಕ್ಷಿಣಕ್ಕೆ, ಆಫ್ರಿಕಾದ ಕರಾವಳಿಯಿಂದ ಸಾವಿರದ ಐನೂರು ಕಿಲೋಮೀಟರಿನಷ್ಟು ಪೂರ್ವಕ್ಕೆ ನೂರಕ್ಕೂ ಹೆಚ್ಚು ದ್ವೀಪಗಳು ಚೆದುರಿ ಬಿದ್ದಿವೆ. ಒಟ್ಟು ಜನಸಂಖ್ಯೆ ಒಂದು ಲಕ್ಷದ ಆಸುಪಾಸು, ಅಂದರೆ ನಮ್ಮ ಒಂದು ತಾಲ್ಲೂಕಿನಷ್ಟು. ಮಾಹೆ, ಪ್ರಾಲಿನ್, ಲಾಡೀಗ್ ಇವು ಜನವಸತಿಯ ಮುಖ್ಯ ದ್ವೀಪಗಳು. 1976ರಲ್ಲಿ ಬ್ರಿಟಿಷರಿಂದ ಸ್ವಾತಂತ್ರ್ಯ ಪಡೆದ ರಾಷ್ಟ್ರ ಇದು. ಸಮುದ್ರಮಧ್ಯದ ದ್ವೀಪಗಳು ಸಾಮಾನ್ಯವಾಗಿ ಜ್ವಾಲಾಮುಖಿಯಿಂದಲೋ ಹವಳದಿಂದಲೋ ಆದವು. ಇಲ್ಲಿಯ ಒಳದ್ವೀಪಗಳು ಹಾಗಲ್ಲ. ಇವು ಗ್ರಾನೈಟಿನವು, ಎಪ್ಪತ್ತೈದು ಕೋಟಿ ವರ್ಷ ಹಳೆಯ ಕಲ್ಲು. ಭೂಖಂಡವೊಂದು ಒಡೆದು ದೂರ ಸರಿಯುವಾಗ ನಡುಗಡಲಿನಲ್ಲಿ ಉಳಿದುಹೋದ ಚೂರುಗಳೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಆ ಭೂಖಂಡ ಯಾವುದು? ನಾವೀಗ ಕುಳಿತಿರುವ ನೆಲವೇ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ, ದಖನ್ನಿನ ಲಾವಾ ಹರಿದ ಕಾಲದ ಆಸುಪಾಸಿನಲ್ಲಿ, ಸೇಶೆಲ್ಸ್ ಭಾರತದ ಪಶ್ಚಿಮ ಅಂಚಿನಿಂದ ಕಳಚಿಕೊಂಡಿತು.

ಇದಕ್ಕೆ ಜೀವಂತ ಸಾಕ್ಷಿಯೂ ಉಂಟು. ಕೇರಳದ ಇಡುಕ್ಕಿ ಜಿಲ್ಲೆಯಲ್ಲಿ ದೊರೆತ ನೇರಳೆ ಬಣ್ಣದ, ವರ್ಷದ ಬಹುಕಾಲ ಮಣ್ಣಿನೊಳಗೇ ಇರುವ ಕಪ್ಪೆಯೊಂದನ್ನು 2003ರಲ್ಲಿ ಎಸ್.ಡಿ. ಬಿಜು ಹಾಗೂ ಫ್ರಾಂಕಿ ಬೊಸ್ಯೂಟ್ ವಿಜ್ಞಾನ ಲೋಕಕ್ಕೆ ಪರಿಚಯಿಸಿದರು. ಅದರ ಹೆಸರಿನಲ್ಲಿಯೇ ಸಹ್ಯಾದ್ರಿ ಇದೆ: ನಾಸಿಕಾಬಟ್ರಾಕಸ್ ಸಹ್ಯಾದ್ರೆನ್ಸಿಸ್. ಅದರ ಹತ್ತಿರದ ನೆಂಟರನ್ನು ಹುಡುಕಿದರೆ ಭಾರತದ ಬೇರೆ ಯಾವ ಕಪ್ಪೆಯೂ ಸಿಗಲಿಲ್ಲ. ಸಿಕ್ಕಿದ್ದು ಸೇಶೆಲ್ಸಿನ ಬೆಟ್ಟಗಳ ದರಕಿನಡಿ ಬದುಕುವ, ಕೆಲವಂತೂ ಉಗುರಿನಷ್ಟೇ ದೊಡ್ಡದಾದ ಪುಟಾಣಿ ಕಪ್ಪೆಗಳು. ಕಪ್ಪೆ ಉಪ್ಪುನೀರಿನಲ್ಲಿ ಈಜಿ ಮಹಾಸಾಗರ ದಾಟದು. ನೆಲವೇ ಬೇರೆಯಾಯಿತು, ಕಪ್ಪೆಗಳು ಎರಡೂ ಕಡೆ ಉಳಿದವು. ಆದುದರಿಂದ ನಾನಿಂದು ಪರದೇಶದ ಕಥೆ ಹೇಳುತ್ತಿದ್ದರೂ ಘಟ್ಟದವರ ಪಾಲಿಗೆ ಅದು ತೀರ ಪರದೇಶವಲ್ಲ.

ಮಾಹೆಯಿಂದ ಪ್ರಾಲಿನ್‌ಗೆ ಹಡಗಿನಲ್ಲಿ ಒಂದು ತಾಸಿನ ಪಯಣ. ಪ್ರಾಲಿನ್ನಿನ ಆನ್ಸ್ ಲಾಜಿಯೊ ಎಂಬ ಕಡಲತೀರದ ಚಿತ್ರವನ್ನು ನೀವು ಕ್ಯಾಲೆಂಡರುಗಳಲ್ಲಿ ನೋಡಿರಲೂ ಸಾಕು. ಹಿಟ್ಟಿನಂತಹ ಬಿಳಿ ಮರಳು, ಆನೆಯ ಬೆನ್ನಿನಂತಹ ಕಲ್ಲುಗಳು, ಮರಳಿನ ಮೇಲೆ ಬಾಗಿದ ತಕಮಕ ಮರಗಳು. ಈ ತಕಮಕ ನಮ್ಮ ಕರಾವಳಿಯ ಸುರಹೊನ್ನೆಯೇ; ಹಿಂದೆ ದೀಪಕ್ಕೆ ಎಣ್ಣೆ ಕೊಡುತ್ತಿದ್ದ ಮರ. ತೀರದ ಸೌಂದರ್ಯವನ್ನು ನಾನು ವರ್ಣಿಸುವುದಿಲ್ಲ. ಅದನ್ನು ಮಾಡಲು ಹೋಟೆಲಿನವರಿದ್ದಾರೆ.

ಅದೇ ದ್ವೀಪದ ವಾಲೆ ದ ಮೇ ಎಂಬ ಕಣಿವೆಯ ಬಗ್ಗೆ ಮಾತ್ರ ಎರಡು ಮಾತು. 1983ರಿಂದ ವಿಶ್ವ ಪರಂಪರೆಯ ತಾಣವಾಗಿರುವ ಈ ಕಾಡಿನಲ್ಲಿ ಕೊಕೊ ದ ಮೇರ್ ಎಂಬ ತಾಳೆಜಾತಿಯ ಮರಗಳಿವೆ. ಸಸ್ಯಲೋಕದಲ್ಲೇ ಅತಿ ದೊಡ್ಡ ಬೀಜ ಇದರದು. ಕಾಯಿ ಬಲಿಯಲು ಆರೇಳು ವರ್ಷ ಬೇಕು. ಈ ದ್ವೀಪಗಳು ಹೊರಜಗತ್ತಿಗೆ ತಿಳಿಯುವ ಮೊದಲೇ ಇದರ ಟೊಳ್ಳು ಕಾಯಿಗಳು ತೇಲಿಬಂದು ಮಾಲ್ಡೀವ್ಸ್ ಹಾಗೂ ಭಾರತದ ತೀರಗಳನ್ನು ಸೇರುತ್ತಿದ್ದವು. ಯಾವ ಮರದ್ದೆಂದು ತಿಳಿಯದೆ ಜನರು ಸಮುದ್ರದ ತಳದಲ್ಲಿ ಬೆಳೆಯುವ ತೆಂಗೆಂದೇ ಭಾವಿಸಿದರು. ಫಕೀರರ ಕೈಯಲ್ಲಿನ ಕಪ್ಪು ಭಿಕ್ಷಾಪಾತ್ರೆ ಬಹಳಮಟ್ಟಿಗೆ ಈ ಕಾಯಿಯ ಕರಟವೇ. ಮರ ನಿಂತಿರುವ ಮಣ್ಣಿನಲ್ಲಿ ರಂಜಕ ಅತ್ಯಲ್ಪ. ಅಂತಹ ಬಡ ಮಣ್ಣಿನಲ್ಲಿ ಅಷ್ಟು ದೊಡ್ಡ ಬೀಜ ಹೇಗೆ? ಅದರ ಎಲೆಗಳು ಅಗಲವಾದ ಆಲಿಕೆಯಂತಿವೆ. ಮಳೆ ಬಂದಾಗ ಎಲೆಯ ಮೇಲೆ ಬಿದ್ದ ಪರಾಗ, ಧೂಳು, ಹಿಕ್ಕೆಯೆಲ್ಲವೂ ತೊಳೆದು ದಿಂಡಿನ ಗುಂಟ ಬುಡಕ್ಕೇ ಇಳಿಯುತ್ತವೆ. ತನಗೆ ಬೇಕಾದ ಗೊಬ್ಬರವನ್ನು ತಾನೇ ಬುಡಕ್ಕೆ ಹಾಕಿಕೊಳ್ಳುವ ಮರವೆನ್ನಬಹುದು.

ಈಗ ಕಸಿನ್‌ಗೆ ಬರೋಣ. ಪ್ರಾಲಿನ್ನಿನಿಂದ ಪಶ್ಚಿಮಕ್ಕೆ ಎರಡು ಕಿಲೋಮೀಟರು. ಪಕ್ಕದಲ್ಲೇ ಕುಸೀನ್ ಎಂಬ ಇನ್ನೊಂದು ದ್ವೀಪವಿದೆ. ಫ್ರೆಂಚ್ ಭಾಷೆಯಲ್ಲಿ ಒಂದು ಗಂಡು ದಾಯಾದಿ, ಇನ್ನೊಂದು ಹೆಣ್ಣು ದಾಯಾದಿ. ನಮ್ಮಲ್ಲಾಗಿದ್ದರೆ ‘ಅಣ್ಣ-ತಂಗಿ ಗುಡ್ಡ’ ಎಂದು ಹೆಸರಿಡುತ್ತಿದ್ದರೇನೋ.

ಇಲ್ಲಿಗೆ ಹೋಗಲು ಇರುವ ಕ್ರಮವೇ ಮೊದಲ ಪಾಠ. ವಾರದ ಐದು ದಿನ, ಬೆಳಗಿನ ಹೊತ್ತಿನಲ್ಲಿ ಮಾತ್ರ ಪ್ರವೇಶ. ರಾತ್ರಿ ಉಳಿಯಲು ಪ್ರವಾಸಿಗರಿಗೆ ಅವಕಾಶವಿಲ್ಲ. ದ್ವೀಪದಲ್ಲಿ ಕಾವಲಿನವರು ಹಾಗೂ ಸಂಶೋಧಕರು ಮಾತ್ರ ವಾಸಿಸುತ್ತಾರೆ. ಹೋಟೆಲಿಲ್ಲ, ಅಂಗಡಿಯಿಲ್ಲ, ಜಟ್ಟಿಯೂ ಇಲ್ಲ. ಹೊರಗಿನ ಯಾವ ದೋಣಿಯೂ ದ್ವೀಪದ ಮರಳನ್ನು ಮುಟ್ಟುವಂತಿಲ್ಲ. ನಮ್ಮನ್ನು ಕರೆತಂದ ದೋಣಿ ದೂರದಲ್ಲಿಯೇ ನಿಂತಿತು. ದ್ವೀಪದಿಂದ ಅವರದೇ ದೋಣಿ ಬಂದು ನಮ್ಮನ್ನು ಹತ್ತಿಸಿಕೊಂಡು, ಅಲೆಯನ್ನು ನೋಡಿ, ಗಟ್ಟಿಯಾಗಿ ಹಿಡಿದುಕೊಳ್ಳಿರೆಂದು ಎಚ್ಚರಿಸಿ, ಪೂರ್ಣ ವೇಗದಲ್ಲಿ ಸೀದಾ ಮರಳ ಮೇಲೆ ನುಗ್ಗಿತು. ಹಲ್ಲು ಅಲುಗಿದವು. ಇಷ್ಟೆಲ್ಲ ಏರ್ಪಾಡು ಯಾವುದಕ್ಕೆ? ಇಲಿಗೆ. ಹೊರಗಿನ ದೋಣಿಯಲ್ಲಿ ಅಡಗಿದ ಒಂದು ಬಸುರಿ ಇಲಿ ದಡಕ್ಕೆ ಹಾರಿದರೂ ಸಾಕು, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳ ಗತಿ ಮುಗಿಯುತ್ತದೆ. ಕಸಿನ್ ದ್ವೀಪದಲ್ಲಿ ಇಲಿಯಿಲ್ಲ, ಬೆಕ್ಕಿಲ್ಲ. ಹೀಗೆ ಇಲ್ಲದಂತೆ ಇರಿಸಿಕೊಂಡಿರುವುದೇ ಅದರ ಸಂಪತ್ತು. ಇದೇ ದೇಶದ ಫ್ರೆಗಾಟ್ ದ್ವೀಪಕ್ಕೆ 1995ರಲ್ಲಿ ಇಲಿ ಹೊಕ್ಕಿತು. ಅದನ್ನು ಪೂರ್ತಿಯಾಗಿ ತೆಗೆಯಲು 2000ನೇ ಇಸವಿಯಾಯಿತು.

ಇಳಿದ ಕೂಡಲೇ ಸೊಳ್ಳೆಗಳು ಮುತ್ತಿದವು. ಔಷಧ ಸಿಂಪಡಿಸುವ ಪದ್ಧತಿ ಅಲ್ಲಿಲ್ಲ. ಉಂಬಳಕ್ಕೆ ರಕ್ತ ಕೊಟ್ಟು ಅಭ್ಯಾಸವಿರುವ ನಮ್ಮಂಥವರಿಗೆ ಇದು ದೊಡ್ಡ ವಿಷಯವಲ್ಲ. ಜೊತೆಗಿದ್ದ ಯುರೋಪಿನ ದಂಪತಿ ಮಾತ್ರ ಬಹಳ ಕಷ್ಟಪಟ್ಟರು.

ಮರಗಳ ನಡುವಿನ ಕಿರಿದಾದ ದಾರಿಯಲ್ಲಿ ಕಾವಲಿನವರೊಬ್ಬರು ನಮ್ಮನ್ನು ಕರೆದೊಯ್ದರು. ಅಲ್ಲಿಯ ಹಕ್ಕಿಗಳಿಗೆ ಮನುಷ್ಯನನ್ನು ಕಂಡರೆ ಹೆದರಿಕೆಯೆಂಬುದಿಲ್ಲ. ಬಿಳಿಬಾಲದ ಟ್ರಾಪಿಕ್‌ಬರ್ಡ್ ಎಂಬ ಕಡಲಹಕ್ಕಿ ಮರದ ಬುಡದ ಬೇರಿನ ಸಂದಿನಲ್ಲಿ, ದಾರಿಯಿಂದ ಒಂದು ಮೊಳ ದೂರದಲ್ಲಿ, ಮರಿಯನ್ನು ಕಾಪಾಡುತ್ತ ಕುಳಿತಿತ್ತು. ಬೆಳ್ಳಗಿನ ರೀವವೊಂದು ಗೂಡೇ ಕಟ್ಟದೆ ಬರಿಯ ಕೊಂಬೆಯ ತಗ್ಗಿನಲ್ಲಿ ಒಂದೇ ಒಂದು ಮೊಟ್ಟೆಯಿರಿಸಿಕೊಂಡಿತ್ತು. ಗಾಳಿ ಬಂದರೆ ಏನು ಗತಿ ಎಂದು ನೋಡುವವರ ಎದೆ ನಡುಗುತ್ತದೆ. ನೆಲದಲ್ಲಿ ಹೆಜ್ಜೆ ಹೆಜ್ಜೆಗೆ ಹಾವುರಾಣಿಗಳು. ಮೇಲಿನಿಂದ ಬಿದ್ದ ಮೀನಿನ ತುಣುಕು, ಒಡೆದ ಮೊಟ್ಟೆ, ಎಲ್ಲವೂ ಅವುಗಳಿಗೆ ಆಹಾರ. ದೈತ್ಯ ಆಮೆಯೊಂದು ದಾರಿಗಡ್ಡ ಮಲಗಿತ್ತು. ಅದು ಏಳುವುದಿಲ್ಲವೆಂದು ತಿಳಿದು ನಾವೇ ಸುತ್ತಿ ಬಂದೆವು.

ಇಷ್ಟನ್ನು ನೋಡಿದವರು, ಇದು ಮನುಷ್ಯ ಮುಟ್ಟದ ಆದಿಕಾಡು ಎಂದುಕೊಂಡು ಹಿಂದಿರುಗುವುದು ಸಹಜ. ನಿಜ ಸಂಗತಿ ಬೇರೆ. ಅರವತ್ತು ವರ್ಷಗಳ ಹಿಂದೆ ಇದು ತೆಂಗಿನ ತೋಟವಾಗಿತ್ತು.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಸೇಶೆಲ್ಸಿನ ಆರ್ಥಿಕತೆಯೆಂದರೆ ಕೊಬ್ಬರಿ. ಕಸಿನ್ ಕೂಡ ಒಬ್ಬ ಖಾಸಗಿ ಒಡೆಯನ ತೋಟ. ದಡದಿಂದ ಕಲ್ಲುಗುಡ್ಡದ ಬುಡದವರೆಗೆ ಮೂಲದ ಮರಗಳನ್ನು ಕಡಿದು ತೆಂಗು ನೆಟ್ಟಿದ್ದರು. ಬಿಲಗಳಲ್ಲಿ ಮರಿಮಾಡುವ ಶಿಯರ್‌ವಾಟರ್ ಎಂಬ ಕಡಲಹಕ್ಕಿಯ ಕೊಬ್ಬಿದ ಮರಿಗಳನ್ನು ಹಿಡಿದು ಮಾರುತ್ತಿದ್ದರು. ಮರಳಿಗೆ ಬಂದ ಕಡಲಾಮೆಗಳನ್ನು ಚಿಪ್ಪಿಗಾಗಿ ಕೊಲ್ಲುತ್ತಿದ್ದರು. ಇವೆಲ್ಲವೂ ಅಂದಿನ ನ್ಯಾಯಸಮ್ಮತ ಆದಾಯ.

ಈ ತೋಟದ ಒಂದು ಮೂಲೆಯಲ್ಲಿ, ಕಾಂಡ್ಲಾ ಗಿಡಗಳ ಸಣ್ಣ ಗುಂಪಿನ ಸುತ್ತಮುತ್ತ, ಒಂದು ಮಾಸಲು ಹಕ್ಕಿ ಉಳಿದುಕೊಂಡಿತ್ತು. ಸೇಶೆಲ್ಸ್ ಉಲಿಯಕ್ಕಿ. ನಮ್ಮ ಟುವ್ವಿ ಹಕ್ಕಿಗಿಂತ ತುಸು ತೂಕದ್ದು, ಹಸಿರುಗಂದು ಬಣ್ಣ. ಚೆಂದದ ಹಕ್ಕಿಯೆಂದು ಯಾರೂ ಹೇಳಲಾರರು. ಕಂಠ ಮಾತ್ರ ಇಂಪು. ಬೇರೆ ದ್ವೀಪಗಳಿಂದ ಅದು ಆಗಲೇ ಅಳಿದಿತ್ತು. 1968ರ ಹೊತ್ತಿಗೆ ಇಡೀ ಜಗತ್ತಿನಲ್ಲಿ ಉಳಿದಿದ್ದವು ಮೂವತ್ತಕ್ಕೂ ಕಡಿಮೆ ಹಕ್ಕಿಗಳು, ಎಲ್ಲವೂ ಈ ಒಂದೇ ದ್ವೀಪದಲ್ಲಿ. ಆ ವರ್ಷ, ಇಂದು ಬರ್ಡ್‌ಲೈಫ್ ಇಂಟರ್‌ನ್ಯಾಷನಲ್ ಎಂದು ಹೆಸರಾಗಿರುವ ಅಂತರರಾಷ್ಟ್ರೀಯ ಪಕ್ಷಿರಕ್ಷಣಾ ಮಂಡಳಿಯು ಹಣ ಕೂಡಿಸಿ ದ್ವೀಪವನ್ನೇ ಕ್ರಯಕ್ಕೆ ಕೊಂಡುಕೊಂಡಿತು. 1975ರಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ದೊರೆಯಿತು. 1998ರಿಂದ ನೇಚರ್ ಸೇಶೆಲ್ಸ್ ಎಂಬ ಅಲ್ಲಿಯದೇ ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿದೆ.

ಕೊಂಡ ಮೇಲೆ ಏನು ಮಾಡಿದರು? ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಗಮನವಿಡಬೇಕು. ಲಕ್ಷ ಸಸಿ ನೆಡುವ ಅಭಿಯಾನ ನಡೆಸಲಿಲ್ಲ. ಮಾಡಿದ ಮುಖ್ಯ ಕೆಲಸವೆಂದರೆ ತೆಂಗನ್ನು ತಡೆದದ್ದು: ಮರಗಳನ್ನು ಕಡಿಮೆ ಮಾಡುವುದು, ಉದುರಿದ ಕಾಯಿ ಮೊಳೆತು ಬಂದ ಸಸಿಗಳನ್ನು ಕೀಳುವುದು. ಉಳಿದುದನ್ನು ದ್ವೀಪಕ್ಕೇ ಬಿಟ್ಟರು. ಪಿಸೋನಿಯ ಎಂಬ ಮೆದುಗಟ್ಟಿಗೆಯ ಸ್ಥಳೀಯ ಮರ, ನೋನಿ, ಮತ್ತಿತರ ಗಿಡಗಳು ತಾವಾಗಿಯೇ ಎದ್ದು ಬಂದವು. ಉಲಿಯಕ್ಕಿ ತಿನ್ನುವುದು ಎಲೆಯ ಅಡಿಮೈಯಲ್ಲಿರುವ ಹುಳುಗಳನ್ನು. ತೆಂಗಿನ ಗರಿಯಲ್ಲಿ ಅದಕ್ಕೆ ಊಟವಿರಲಿಲ್ಲ. ಅಗಲ ಎಲೆಯ ಮರಗಳು ಬಂದಂತೆ ಊಟ ಬಂತು. 1980ರ ದಶಕದ ಆರಂಭದಲ್ಲಿ ಹಕ್ಕಿಗಳ ಸಂಖ್ಯೆ ಮುನ್ನೂರನ್ನು ದಾಟಿತು. ಅಷ್ಟಕ್ಕೇ ನಿಂತಿತು, ಏಕೆಂದರೆ ದ್ವೀಪ ತುಂಬಿತ್ತು.

ತೆಂಗಿನ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಅನ್ನ ಕೊಟ್ಟ ಬೆಳೆ ಅದು. ನಾನು ಹೇಳಬಯಸುವುದು ಏಕಜಾತಿಯ ನೆಡುತೋಪಿನ ಸ್ವಭಾವದ ಕುರಿತು. ದೂರದಿಂದ ನೋಡಿದರೆ ಅಂದಿನ ಕಸಿನ್ ಹಚ್ಚಹಸಿರಾಗಿಯೇ ಇತ್ತು. ಚಿತ್ರ ತೆಗೆದರೆ ಇಂದಿನ ಕಾಡಿಗಿಂತ ಅದೇ ಸುಂದರವಾಗಿ ಕಂಡೀತು. ಹಸಿರು ಇತ್ತು, ಊಟ ಇರಲಿಲ್ಲ. ನಮ್ಮ ಗುಡ್ಡಗಳಲ್ಲಿ ಅಕೇಶಿಯಾ ತೋಪಿನೊಳಗೆ ಹತ್ತು ನಿಮಿಷ ಸುಮ್ಮನೆ ನಿಂತು ಕಿವಿಗೊಟ್ಟವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಇನ್ನು ಮಣ್ಣಿನ ವಿಷಯ. ಕಸಿನ್ ಕಾಡಿನ ಗೊಬ್ಬರ ಬರುವುದು ಸಮುದ್ರದಿಂದ. ನಾಡಿ ಎಂದು ಕರೆಯುವ ಕಂದುಬಣ್ಣದ ರೀವಗಳು, ಶಿಯರ್‌ವಾಟರುಗಳು ದೂರದ ಕಡಲಿನಲ್ಲಿ ಮೀನು ತಿಂದು ಬಂದು ಇಲ್ಲಿ ಹಿಕ್ಕೆ ಹಾಕುತ್ತವೆ. ಸಾರಜನಕ, ರಂಜಕ ಎರಡೂ ಅದರಲ್ಲಿ ಧಾರಾಳ. ಅದರಿಂದ ಮರ, ಮರದಿಂದ ಎಲೆ, ಎಲೆಯಿಂದ ಹುಳು, ಹುಳುವಿನಿಂದ ಉಲಿಯಕ್ಕಿ. ಪಿಸೋನಿಯ ಮರಕ್ಕೂ ಹಕ್ಕಿಗೂ ಇರುವ ಸಂಬಂಧ ಮೆತ್ತಗಿನದೇನಲ್ಲ. ಅದರ ಅಂಟುಬೀಜಗಳು ಗರಿಗೆ ಮೆತ್ತಿಕೊಂಡು ದೂರ ಹೋಗುತ್ತವೆ. ಕೆಲವೊಮ್ಮೆ ಹೆಚ್ಚು ಮೆತ್ತಿ ಹಕ್ಕಿ ಹಾರಲಾರದೆ ಮರದ ಬುಡದಲ್ಲೇ ಸಾಯುತ್ತದೆ. ಅದೂ ಬುಡಕ್ಕೇ ಗೊಬ್ಬರ. ಪ್ರಕೃತಿಯನ್ನು ಕರುಣಾಮಯಿ ತಾಯಿಯೆಂದು ಮಾತ್ರ ಬಣ್ಣಿಸುವವರು ಈ ಮರವನ್ನೊಮ್ಮೆ ನೋಡಬೇಕು.

ಈ ಗೊಬ್ಬರ ದಡದಲ್ಲೇ ನಿಲ್ಲುವುದಿಲ್ಲ. ಇದೇ ಸಾಗರದ ಚಾಗೋಸ್ ದ್ವೀಪಗಳಲ್ಲಿ ಇಲಿಯಿರುವ ಆರು, ಇಲಿಯಿಲ್ಲದ ಆರು ದ್ವೀಪಗಳನ್ನು ಹೋಲಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಇಲಿಯಿಲ್ಲದಲ್ಲಿ ಕಡಲಹಕ್ಕಿಗಳ ಸಾಂದ್ರತೆ 760 ಪಟ್ಟು, ನೆಲಕ್ಕೆ ಬೀಳುವ ಸಾರಜನಕ 251 ಪಟ್ಟು ಹೆಚ್ಚಿತ್ತು. ಅದು ಮಳೆನೀರಿನಲ್ಲಿ ತೊಳೆದು ಸುತ್ತಲ ಹವಳದ ದಂಡೆಗೆ ಇಳಿದು, ಅಲ್ಲಿಯ ಮೀನುಗಳ ಒಟ್ಟು ತೂಕ ಶೇಕಡಾ 48ರಷ್ಟು ಹೆಚ್ಚಿತ್ತು. ಮರದ ಮೇಲಿನ ಮೊಟ್ಟೆಯನ್ನು ಇಲಿ ತಿಂದರೆ ಮೀನುಗಾರನ ಬಲೆ ಹಗುರವಾಗುತ್ತದೆ. ಸೊಪ್ಪಿನ ಬೆಟ್ಟಕ್ಕೂ ಅಡಿಕೆ ತೋಟಕ್ಕೂ ಇರುವ ಸಂಬಂಧವನ್ನು ಬಲ್ಲ ನಿಮಗೆ ಇದು ಹೊಸ ತತ್ವವಾಗಿ ತೋರದು.

ಉಲಿಯಕ್ಕಿಯ ಮುಂದಿನ ಕಥೆಯೂ ಸ್ವಾರಸ್ಯಕರ. 1980ರ ದಶಕದ ಮಧ್ಯಭಾಗದಿಂದ ಡಚ್ ವಿಜ್ಞಾನಿ ಯಾನ್ ಕೊಮ್ಡೋರ್ ಹಾಗೂ ಅವರ ನಂತರದವರು ಇಲ್ಲಿಯ ಬಹುತೇಕ ಪ್ರತಿ ಹಕ್ಕಿಯ ಕಾಲಿಗೂ ಬಣ್ಣದ ಬಳೆ ತೊಡಿಸಿ ಅದರ ಸಂಸಾರದ ಲೆಕ್ಕವಿಟ್ಟಿದ್ದಾರೆ. ದ್ವೀಪ ತುಂಬಿದ ಮೇಲೆ ಎಳೆಯ ಹಕ್ಕಿಗಳಿಗೆ ಬೇರೆ ಮನೆ ಹೂಡಲು ಜಾಗ ಸಿಗಲಿಲ್ಲ. ಅವು, ಹೆಚ್ಚಾಗಿ ಹೆಣ್ಣುಮಕ್ಕಳು, ತವರಿನಲ್ಲಿಯೇ ಉಳಿದು ತಾಯ್ತಂದೆಯರಿಗೆ ಮುಂದಿನ ಮರಿಯನ್ನು ಸಾಕಲು ನೆರವಾದವು. ಹಾಗಾದರೆ ಅವಿಭಕ್ತ ಕುಟುಂಬ ಈ ಹಕ್ಕಿಯ ಗುಣವೋ, ಜಾಗದ ಕೊರತೆಯ ಪರಿಣಾಮವೋ? 1988ರಲ್ಲಿ 29 ಹಕ್ಕಿಗಳನ್ನು ಅರೀಡ್ ದ್ವೀಪಕ್ಕೆ ಸಾಗಿಸಿದಾಗ ಉತ್ತರ ದೊರೆಯಿತು. ಹೊಸ ನೆಲದಲ್ಲಿ ಎಲ್ಲವೂ ಬೇರೆ ಬೇರೆ ಸಂಸಾರ ಹೂಡಿದವು. 1990ರಲ್ಲಿ ಮತ್ತೆ 29 ಹಕ್ಕಿಗಳು ಕುಸೀನ್‌ಗೆ, 2004ರಲ್ಲಿ 58 ಡೆನಿಸ್‌ಗೆ, 2011ರಲ್ಲಿ 59 ಫ್ರೆಗಾಟ್‌ಗೆ ಹೋದವು. ಮೂವತ್ತಕ್ಕಿಂತ ಕಡಿಮೆಯಿದ್ದದ್ದು ಐದು ದ್ವೀಪಗಳಲ್ಲಿ ಸುಮಾರು ಮೂರು ಸಾವಿರವಾಯಿತು.

ನಮ್ಮ ಮಡಿವಾಳ ಹಕ್ಕಿಯ ದಾಯಾದಿಯೊಂದು ಅಲ್ಲಿದೆ. ಒಂದು ಕಾಲಕ್ಕೆ ಫ್ರೆಗಾಟ್ ದ್ವೀಪವೊಂದರಲ್ಲೇ ಎರಡು ಡಜನಿಗೂ ಕಡಿಮೆ ಉಳಿದಿದ್ದ ಅದನ್ನು 1990ರ ದಶಕದಲ್ಲಿ ಕಸಿನ್‌ಗೂ ತಂದರು. ಕಪ್ಪುಮೈ, ರೆಕ್ಕೆಯಲ್ಲಿ ಬಿಳಿ ಪಟ್ಟೆ; ದರಕು ಕೆದಕುತ್ತ ನಮ್ಮ ಕಾಲಿನ ಬಳಿಗೇ ಬಂತು, ನಾವು ತುಳಿದು ಎಬ್ಬಿಸಿದ ಹುಳು ಸಿಕ್ಕೀತೆಂದು. ಆ ಹಕ್ಕಿಗೆ ಕಾಟ ಕೊಡುವುದು ಯಾರು? ಭಾರತದಿಂದ ಹೊರಟು ಹಲವು ದ್ವೀಪಗಳನ್ನು ತುಂಬಿರುವ ನಮ್ಮ ಗೊರವಂಕ, ಅಂದರೆ ಮೈನಾ. ಡೆನಿಸ್ ದ್ವೀಪವೊಂದರಿಂದ ಅದನ್ನು ಹೊರಹಾಕಲು 2010ರಿಂದ 2015ರವರೆಗೆ ಐದು ವರ್ಷ ಹಿಡಿಯಿತು. ಇನ್ನೊಂದು ಉದಾಹರಣೆ ನನ್ನ ವೃತ್ತಿಯವರು ನೆನಪಿನಲ್ಲಿಡಬೇಕಾದದ್ದು. ಇಲಿ ಹಿಡಿಯಲೆಂದು 1949ರಲ್ಲಿ ಆಫ್ರಿಕಾದಿಂದ ಕಣಜಗೂಬೆಗಳನ್ನು ತಂದು ಬಿಟ್ಟರು. ಬರಿಗೊಂಬೆಯ ಮೇಲೆ ಬೆಳ್ಳಗೆ ಕುಳಿತ ರೀವ ಸುಲಭವಾಗಿ ಸಿಗುತ್ತಿರುವಾಗ ಗೂಬೆ ಇಲಿಯ ಹಿಂದೆ ಏಕೆ ಓಡೀತು? ಕೊನೆಗೆ ಗೂಬೆಯನ್ನು ಕೊಂದವರಿಗೆ ಬಹುಮಾನ ಘೋಷಿಸಬೇಕಾಯಿತು. ದಾಲ್ಚಿನ್ನಿಯ ಕಥೆಯೂ ಹೀಗೆಯೇ. 1772ರಲ್ಲಿ ಮಾಹೆಯ ಸಂಬಾರ ತೋಟಕ್ಕೆ ಬಂದ ಗಿಡ ಹಕ್ಕಿಗಳ ಮೂಲಕ ಬೆಟ್ಟವೇರಿ ಇಂದು ಅಲ್ಲಿಯ ಕಾಡುಗಳನ್ನು ಆಳುತ್ತಿದೆ.

ನಾವು ಹೋದದ್ದು ಕಡಲಾಮೆಗಳ ಕಾಲ. ನಮ್ಮ ಹೊನ್ನಾವರ, ಕಾರವಾರದ ಮರಳಿಗೆ ಬರುವ ಆಲಿವ್ ರಿಡ್ಲೆ ಆಮೆಗಳು ರಾತ್ರಿ ಬರುತ್ತವೆ. ಇಲ್ಲಿಯ ಹಾಕ್ಸ್‌ಬಿಲ್ ಆಮೆ ಹಾಡುಹಗಲಿನಲ್ಲಿ ಬರುತ್ತದೆ. ಗಿಡುಗನ ಕೊಕ್ಕಿನಂತಹ ಬಾಯಿ, ಬೆನ್ನ ಮೇಲೆ ಜೇನುಬಣ್ಣದ ಚಿಪ್ಪು. ಆ ಚಿಪ್ಪೇ ಅದಕ್ಕೆ ಶತ್ರುವಾದದ್ದು. ಅದರಿಂದ ಬಾಚಣಿಗೆ, ಪೆಟ್ಟಿಗೆ, ಆಭರಣ ಮಾಡುವ ಕುಶಲಕರ್ಮಿಗಳು ಸೇಶೆಲ್ಸಿನಲ್ಲಿದ್ದರು. 1994ರಲ್ಲಿ ಸರ್ಕಾರ ಆಮೆಗಳಿಗೆ ಪೂರ್ಣ ರಕ್ಷಣೆ ನೀಡಿತು. ಆದರೆ ಅದಕ್ಕೆ ಮುನ್ನ ಕುಶಲಕರ್ಮಿಗಳಲ್ಲಿದ್ದ ಚಿಪ್ಪಿನ ದಾಸ್ತಾನನ್ನು ಕೊಂಡುಕೊಂಡು, ಪರಿಹಾರವಿತ್ತು, ಬೇರೆ ಕಸುಬಿಗೆ ದಾರಿ ಮಾಡಿಕೊಟ್ಟಿತು. ಕಾಡಿನಂಚಿನ ಜನರಿಗೆ ನೋಟೀಸು ಮೊದಲು, ಪರಿಹಾರ ಆಮೇಲೆ ಎಂಬ ಕ್ರಮವನ್ನೇ ಕಂಡಿರುವ ನಾವು ಈ ಅನುಕ್ರಮವನ್ನು ಗಮನಿಸಬೇಕು. ಕಸಿನ್‌ನಲ್ಲಿ 1970ರ ದಶಕದ ಆರಂಭದಿಂದಲೂ ಆಮೆಗಳ ಲೆಕ್ಕವಿಟ್ಟಿದ್ದಾರೆ. 1972ರಿಂದ 2009ರ ನಡುವೆ ಗೂಡು ಮಾಡಲು ಬರುವ ಆಮೆಗಳು ಎಂಟು ಪಟ್ಟು ಹೆಚ್ಚಿದವು. ಹುಟ್ಟಿದ ಮರಿ ತಾಯಾಗಿ ಬರಲು ಎರಡು, ಮೂರು ದಶಕಗಳೇ ಬೇಕು. ಅಡಿಕೆ ನೆಟ್ಟು ಏಳೆಂಟು ವರ್ಷ ಕಾಯುವುದನ್ನೇ ತಾಳ್ಮೆ ಎನ್ನುತ್ತೇವೆ ನಾವು. ಇಲ್ಲಿ ಮೊದಲು ಎಣಿಸಲು ಕುಳಿತವರು ಫಲ ಕಾಣುವ ಹೊತ್ತಿಗೆ ನಿವೃತ್ತಿಯ ವಯಸ್ಸಿಗೆ ಬಂದಿರಬೇಕು.

ಈಗ ಹಣದ ವಿಷಯ. ಇದನ್ನು ಬಿಟ್ಟರೆ ನನ್ನ ಮಾತು ಅಪ್ರಾಮಾಣಿಕವಾದೀತು. ಕಾವಲು, ದೋಣಿ, ಸಂಬಳ, ಇವೆಲ್ಲಕ್ಕೂ ಮುಖ್ಯ ಆದಾಯ ಪ್ರವಾಸಿಗರ ಪ್ರವೇಶಧನ. ಅದು ಅಗ್ಗವಲ್ಲ. ದುಡ್ಡಿದ್ದವನಿಗೆ ಮಾತ್ರ ಕಾಡೇ ಎಂದು ನಮ್ಮ ಹುಡುಗರು ಕೇಳಿಯಾರು, ಕೇಳಬೇಕಾದ ಪ್ರಶ್ನೆಯೇ. ನನ್ನ ಅಭಿಪ್ರಾಯದಲ್ಲಿ ಮಿತಿ ಸರಿ, ಆ ಮಿತಿಯನ್ನು ಬೆಲೆಯಿಂದ ಮಾತ್ರ ಕಾಯುವುದು ಸರಿಯಲ್ಲ. ಸರದಿಯಿಂದಲೂ ಮಿತಿ ಹಾಕಬಹುದು. ಇನ್ನೊಂದು ತೊಡಕೂ ಇದೆ. 1971ರಲ್ಲಿ ಮಾಹೆಯಲ್ಲಿ ವಿಮಾನ ನಿಲ್ದಾಣವಾದ ಮೇಲೆ ಆ ದೇಶ ಕೊಬ್ಬರಿ, ದಾಲ್ಚಿನ್ನಿಗಳಿಂದ ಪ್ರವಾಸೋದ್ಯಮಕ್ಕೆ ತಿರುಗಿತು. ಇಂದು ಅಲ್ಲಿ ತಿನ್ನುವ ಆಹಾರದ ಬಹುಪಾಲು ಹೊರಗಿನಿಂದ ಬರುತ್ತದೆ. ಅಕ್ಕಿಯಂತೂ ಸಂಪೂರ್ಣ ಆಮದು. 2020ರಲ್ಲಿ ಮಹಾಮಾರಿಯ ದೆಸೆಯಿಂದ ವಿಮಾನಗಳು ನಿಂತಾಗ ಪ್ರವಾಸಿಗರೂ ನಿಂತರು, ಕಸಿನ್‌ನ ಆದಾಯವೂ ನಿಂತಿತು. ಇಲಿಗಳಿಗೆ ರಜೆಯಿಲ್ಲ, ಕಾವಲು ನಡೆಯಲೇಬೇಕಿತ್ತು. ಒಂದೇ ಬೆಳೆಯನ್ನು ನಂಬಿದ ತೋಟದ ಅಪಾಯ ಪ್ರವಾಸೋದ್ಯಮಕ್ಕೂ ಉಂಟು. ಆದ್ದರಿಂದ ಘಟ್ಟದ ಊರುಗಳಲ್ಲಿ ಗದ್ದೆಯನ್ನು ಹಾಳುಬಿಟ್ಟು ಹೋಮ್‌ಸ್ಟೇ ಕಟ್ಟುವವರಿಗೆ ನಾನು ಈ ದ್ವೀಪವನ್ನು ಮಾದರಿಯಾಗಿ ತೋರಿಸುವುದಿಲ್ಲ. ಗದ್ದೆ ಉಳಿಸಿಕೊಂಡು, ವಾರಾಂತ್ಯಕ್ಕೆ ಎಷ್ಟು ವಾಹನ, ಎಷ್ಟು ಜನ ಎಂದು ಊರವರೇ ಕುಳಿತು ನಿಶ್ಚಯಿಸುವುದಾದರೆ, ಹೊರಗಿನ ದೋಣಿ ಮರಳು ಮುಟ್ಟಬಾರದೆಂಬ ಅವರ ನಿಯಮದಿಂದ ಕಲಿಯುವುದಿದೆ.

ಕಾವಲಿನವರು ತಡೆಯಲಾರದ್ದು ಒಂದೇ: ಬಿಸಿಯಾದ ಸಮುದ್ರ. 1998ರಲ್ಲಿ ಸಾಗರದ ಉಷ್ಣತೆ ಏರಿ ಸೇಶೆಲ್ಸಿನ ಒಳದ್ವೀಪಗಳ ಸುತ್ತಲ ಜೀವಂತ ಹವಳದಲ್ಲಿ ಶೇಕಡಾ 90ರಷ್ಟು ಬಿಳಿಚಿ ಸತ್ತಿತು. 2010ರಿಂದ ಕಸಿನ್ ಬಳಿ ಹವಳದ ನರ್ಸರಿ ಮಾಡಿದರು. ಬದುಕುಳಿದ ಹವಳದ ತುಣುಕುಗಳನ್ನು ನೀರಿನಡಿಯಲ್ಲಿ ಹಗ್ಗಗಳಿಗೆ ಸಿಕ್ಕಿಸಿ ಬೆಳೆಸಿ, ಇಪ್ಪತ್ತನಾಲ್ಕು ಸಾವಿರಕ್ಕೂ ಹೆಚ್ಚು ತುಣುಕುಗಳನ್ನು ದಂಡೆಯ ಅರ್ಧ ಹೆಕ್ಟೇರಿನಷ್ಟು ಜಾಗದಲ್ಲಿ ನಾಟಿ ಮಾಡಿದರು. ಕಾಳುಮೆಣಸಿನ ಬಳ್ಳಿಯ ತುಂಡು ನೆಟ್ಟ ಹಾಗೆಯೇ. 2016ರಲ್ಲಿ ಸಮುದ್ರ ಮತ್ತೆ ಕಾದು ಇನ್ನೊಮ್ಮೆ ಬಿಳಿಚುವಿಕೆ ಬಂತು. ಮರಳು ಬಿಸಿಯಾದರೆ ಆಮೆಯ ಮೊಟ್ಟೆಗಳಿಂದ ಹೆಣ್ಣುಮರಿಗಳೇ ಹೆಚ್ಚಾಗಿ ಹುಟ್ಟುತ್ತವೆ ಎಂಬುದೂ ತಿಳಿದ ಸಂಗತಿ. ದ್ವೀಪದ ಅತಿ ಎತ್ತರದ ಜಾಗ ಸಮುದ್ರಮಟ್ಟದಿಂದ 69 ಮೀಟರು. ಆದರೆ ಮರಿಮಾಡುವ ಹಕ್ಕಿಗಳಲ್ಲಿ ಹೆಚ್ಚಿನವು, ಉಲಿಯಕ್ಕಿಯ ಒಳ್ಳೆಯ ಕಾಡು, ಆಮೆಯ ಮರಳು, ಎಲ್ಲವೂ ಇರುವುದು ತಗ್ಗಿನ ಬಯಲಿನಲ್ಲಿ.

ನಮ್ಮನ್ನು ಹಿಂದಕ್ಕೆ ಕಳುಹಿಸುವ ಮೊದಲು ಕಾವಲಿನವರು ಮರಳಿನಲ್ಲಿ ಒಂದು ಗುರುತನ್ನು ತೋರಿಸಿದರು. ಆಮೆಯೊಂದು ಅಂದು ಬೆಳಗ್ಗೆ ಬಂದು ಮೊಟ್ಟೆಯಿಡದೆ ಮರಳಿ ಹೋದ ಜಾಡು. ಅದು ಮತ್ತೆ ಬರುವುದೆಂದು ಪುಸ್ತಕದಲ್ಲಿ ಸಮಯ ಬರೆದುಕೊಂಡರು.

ನಾನು ತೆಗೆದ ಚಿತ್ರಗಳನ್ನು ಹೊರಗಿನ ಮೇಜಿನ ಮೇಲೆ ಇರಿಸಿದ್ದೇನೆ. ಕೊಕೊ ದ ಮೇರ್ ಕಾಯಿಯನ್ನು ತರಲು ಪರವಾನಗಿ ಬೇಕಾದ್ದರಿಂದ ಅದರ ಚಿತ್ರವನ್ನಷ್ಟೇ ತಂದಿದ್ದೇನೆ. ಪ್ರಶ್ನೆಗಳಿದ್ದರೆ ಊಟದ ನಂತರ ಮಾತನಾಡೋಣ.